ಬಣ್ಣದ ದಿಬ್ಬಕ್ಕೆ ಹೋದ ಸೀರೆ

ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಹನ್ನೆರಡು. ಹನ್ನೆರಡೂ ನೇರಳೆ ಬಣ್ಣದವು. ಕೊಂಡ ದಿನ ಅಂಗಡಿಯಲ್ಲಿ ಬೇರೆ ಬಣ್ಣ ಇರಲಿಲ್ಲ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರಾವ ಕಾರಣವೂ ಇಲ್ಲ. ಬೆಳಿಗ್ಗೆ ಹಾಲು ಕಾಯಿಸಿ, ಅತ್ತೆಗೆ ಚಹಾ ಕೊಟ್ಟು, ನಮ್ಮವರ ಡಬ್ಬಿಗೆ ರೊಟ್ಟಿ ಪಲ್ಯ ತುಂಬಿ, ಅವರ ಸ್ಕೂಟರಿನ ಸದ್ದು ಓಣಿಯ ತಿರುವು ದಾಟಿತೆಂದರೆ, ನಾನು ಬಕೆಟ್ಟು ಹಿಡಿದು ಮಹಡಿ ಹತ್ತುತ್ತೇನೆ. ಒಣಗಿದ್ದನ್ನು ತೆಗೆದು, ಒದ್ದೆಯದನ್ನು ಹರವಿ, ಹಗ್ಗದ ಮೇಲಿನವನ್ನೂ ಸೇರಿಸಿ ಕ್ಲಿಪ್ಪುಗಳನ್ನು ಎಣಿಸಿ, ಉಳಿದವನ್ನು ಬುಟ್ಟಿಗೆ ಹಾಕಿದರೆ ನನ್ನ ದಿನ ಶುರುವಾದಂತೆ. ಕಾನ್ವೆಂಟಿನಲ್ಲಿ ಕಲಿತ ಬೀಜಗಣಿತ ಎಂದೋ ಹಾರಿಹೋಯಿತು. ಹೊಲಿಗೆ ಕ್ಲಾಸಿನ ಸಿಸ್ಟರ್ ದಿನವೂ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿಸುತ್ತಿದ್ದ ಶಿಸ್ತು ಮಾತ್ರ ಬೆರಳಿನಲ್ಲಿ ಉಳಿದುಬಿಟ್ಟಿದೆ.

ಹಿಂದಿನ ದಿನ ನಲ್ಲಿನೀರು ಬಾರದೆ ಒಗೆತವೂ ಎಣಿಕೆಯೂ ತಪ್ಪಿದ್ದವು; ಆ ಬುಧವಾರ ಎಣಿಸಿದರೆ ಹತ್ತೇ ಇದ್ದವು.

ಎರಡು ಕ್ಲಿಪ್ಪು ಹೋದರೆ ಪ್ರಪಂಚ ಮುಳುಗುವುದೇ ಎಂದು ನೀವು ಕೇಳಬಹುದು. ಇಲ್ಲ, ಮುಳುಗುವುದಿಲ್ಲ. ಆದರೆ ಆ ಎರಡನ್ನು ಕೊನೆಗೆ ಎಲ್ಲಿ ಸಿಕ್ಕಿಸಿದ್ದೆ ಎಂದು ನೆನಪಿಸಿಕೊಂಡಾಗ ನನ್ನ ಪುಟ್ಟ ಪ್ರಪಂಚವಂತೂ ಒಮ್ಮೆ ತೂಗಾಡಿತು. ಭಾನುವಾರ ನಮ್ಮ ಓಣಿಯ ಮೂಲೆಮನೆಯ ಹುಡುಗಿಯ ನಿಶ್ಚಿತಾರ್ಥ. ಓಣಿಗೆ ಓಣಿಯೇ ಶಾಮಿಯಾನದ ಕೆಳಗೆ ಉಂಡು ಎದ್ದಿತ್ತು. ಅಂದು ನಾನು ಉಟ್ಟದ್ದು ಎದುರುಮನೆಯ ನೀಲಕ್ಕ ಕೊಟ್ಟ ಇಳಕಲ್ ಸೀರೆ: ನವಿಲುಬಣ್ಣದ ಒಡಲು, ಕೆಂಪು ಸೆರಗು. ಅದು ಅವರ ಅವ್ವನದು. ಹೊಳೆದಂಡೆಯ ಹಳ್ಳಿಯಲ್ಲಿ ಬಾಳಿ, ಹೋದ ವರ್ಷ ತೀರಿಕೊಂಡ ಆ ತಾಯಿ, ತನ್ನ ಸೀರೆಯನ್ನು ಕೇಳಿದವರಿಗೆಲ್ಲ ಉಡಿಸಿ ಸಂತೋಷಪಡುತ್ತಿದ್ದರಂತೆ. "ಪೆಟ್ಟಿಗ್ಯಾಗೆ ಇಟ್ರೆ ಮಡಿಕೆ ಮಡಿಕೆಗೇ ಸೀಳ್ತೈತೆ, ಉಡ್ರಿ" ಎಂದು ನೀಲಕ್ಕ ತಾವೇ ತಂದುಕೊಟ್ಟಿದ್ದರು. ಇನ್ನೊಬ್ಬರ ಸೀರೆ ಉಟ್ಟರೆ ಒಗೆದೇ ಹಿಂತಿರುಗಿಸುವುದು ನಮ್ಮ ಓಣಿಯ ಬರೆಯದ ಕಾನೂನು. ಸೋಮವಾರ ಒಗೆದೆ. ಇನ್ನೂ ಬಿಚ್ಚದ ಶಾಮಿಯಾನ ನಮ್ಮ ಮಹಡಿಗಿಂತ ಎತ್ತರಕ್ಕೆದ್ದು ಅಲ್ಲಿನ ಬಿಸಿಲನ್ನೆಲ್ಲ ನುಂಗಿ ನಿಂತಿತ್ತು. ಅದರ ಹೊರಗಡೆಯ ಹಗ್ಗಕ್ಕೆ ಮಾತ್ರ ಸೊಗಸಾದ ಬಿಸಿಲು. ಅಲ್ಲೇ ಹರವಿ, ಗಾಳಿಗೆ ಹಾರದಿರಲೆಂದು ಎರಡು ನೇರಳೆ ಕ್ಲಿಪ್ಪು ಸಿಕ್ಕಿಸಿ ಒಳಬಂದೆ.

ಆಮೇಲೆ ನಡೆದದ್ದು ಎಲ್ಲ ಅತ್ತೆ ಸೊಸೆಯರ ಮನೆಯಲ್ಲೂ ನಡೆಯುವಂಥದ್ದೇ. ಅತ್ತೆ ತೆಗೆದಿಟ್ಟಿರಬೇಕೆಂದು ನಾನು, ಸೊಸೆ ತೆಗೆದಿಟ್ಟಿರಬೇಕೆಂದು ಅತ್ತೆ, ಎರಡು ದಿನ ಒಬ್ಬರ ಮೇಲೊಬ್ಬರು ಅಪಾರ ವಿಶ್ವಾಸವಿಟ್ಟು ನೆಮ್ಮದಿಯಾಗಿದ್ದೆವು. ಸೋಮವಾರ ಮಧ್ಯಾಹ್ನವೇ ಶಾಮಿಯಾನದವರು ಬಂದು ಹಗ್ಗ, ಪರದೆ, ಝಾಲರಿಗಳ ಜೊತೆ ಸೀರೆಯನ್ನೂ ಸುತ್ತಿ ಗಂಟು ಕಟ್ಟಿದ್ದರು.

ಪಕ್ಕದ ಬಾತಿ ಊರಿಗೆ ತಂಗಿಯ ಬಸುರಿ ಸೊಸೆಯ ಕುಬುಸಕ್ಕೆ ಹೋಗಿದ್ದ ನೀಲಕ್ಕ ಅದೇ ಸಂಜೆ ಬರುವವರಿದ್ದರು. ಮರುದಿನ ಅವರ ಅವ್ವನ ವರ್ಷದ ಪೂಜೆ. ಫೋಟೋದ ಮುಂದೆ ಎಡೆಯ ಜೊತೆ ಇಡುವುದಕ್ಕೆಂದು ಅವರು ಎತ್ತಿಟ್ಟುಕೊಂಡಿದ್ದ ಅವ್ವನ ಸೀರೆ ಅದೊಂದೇ.

ಶಾಮಿಯಾನದ ಅಂಗಡಿಯ ಬಾಷಾ ಸಾಬರಿಗೆ ಫೋನು ಮಾಡಿದೆ. "ಯಾ ಅಲ್ಲಾ! ನಿಮ್ ಸೀರೇನೂ ಹೋತಾ ಮೇಡಂ? ಸಾಂಬಾರು ಚೆಲ್ಲಿದ್ ಮಾಲೆಲ್ಲ ನಿನ್ನೇನೇ ಹರಿಹರಕ್ಕೆ ಕಳಿಸೀನಿ. ಹೊಳೆ ನಡುವೆ ದಿಬ್ಬ ಐತಲ್ರಿ, ಅಲ್ಲಿ ಒಗೀತಾರೆ. ಇವತ್ ಒಗೆಯೋ ಸೋಡಾ ಕುದಿಯೋ ಹಂಡೆಗೆ ಬೀಳ್ತೈತೆ, ಬಣ್ಣ ಉಳಿಯಂಗಿಲ್ಲ. ಜಲ್ದಿ ಹೋಗ್ರಿ" ಎಂದರು.

ಹೊಳೆ ನಡುವಿನ ದಿಬ್ಬ! ಗಾಬರಿಯ ನಡುವೆಯೂ ನನ್ನ ಮನಸ್ಸಿನ ಒಂದು ಮೂಲೆ ಹಿಗ್ಗಿತು ಎಂದು ಹೇಳಿದರೆ ತಪ್ಪು ತಿಳಿಯಬೇಡಿ. ಮದುವೆಯಾಗಿ ದಾವಣಗೆರೆಗೆ ಬಂದಾಗಿನಿಂದ, ಹರಿಹರದ ಸೇತುವೆಯ ಮೇಲೆ ಬಸ್ಸು ಹೋಗುವಾಗಲೆಲ್ಲ ದೂರದಲ್ಲೊಂದು ನಡುಗಡ್ಡೆ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆ ಹಳದಿ, ಒಮ್ಮೆ ಗುಲಾಬಿ, ಒಮ್ಮೆ ಕೆಂಪು. ಅದೇನೆಂದು ಒಮ್ಮೆ ನಮ್ಮವರನ್ನು ಕೇಳಿದ್ದೆ. ಪತ್ರಿಕೆಯಿಂದ ತಲೆಯೆತ್ತದೆ "ಹೂವಿನ ತೋಟ ಇರ್ಬೇಕು" ಎಂದಿದ್ದರು. ಆ ತೋಟವನ್ನು ನಾನು ಇಷ್ಟು ವರ್ಷ ಮನಸ್ಸಿನಲ್ಲೇ ಬೆಳೆಸಿಕೊಂಡು ಬಂದಿದ್ದೆ. ಎಂದಾದರೊಂದು ದಿನ ಹೋಗಬೇಕು ಎಂದುಕೊಳ್ಳುವುದು, ಹದಿನಾಲ್ಕು ಕಿಲೋಮೀಟರಿನಾಚೆಗೆ ಹೋಗಲು ಯಾರಿಗೂ ಬಿಡುವಾಗದಿರುವುದು. ಗಡಿಬಿಡಿಯ ಊರಿನಲ್ಲಿ ವಾಸಿಸುವವರ ಪ್ರವಾಸಗಳೆಲ್ಲ ಹೆಚ್ಚುಕಡಿಮೆ ಹೀಗೇ ಬಸ್ಸಿನ ಕಿಟಕಿಯಲ್ಲೇ ಮುಗಿಯುತ್ತವೆ.

"ನಾನೂ ಬರ್ತೀನಿ" ಎಂದು ಅತ್ತೆ ಚಪ್ಪಲಿ ಮೆಟ್ಟಿಯೇಬಿಟ್ಟರು. "ಬಿಸಿಲು ಅತ್ತೆ, ಬ್ಯಾಡ" ಎಂದೆ. "ನೀನು ಕಾನ್ವೆಂಟಿನಾಕಿ. ನಿಂಗೆ ಹೊಳೆ ಏನ್ ಗೊತ್ತೈತೆ?" ಎನ್ನುತ್ತ ಒಂದು ಚೀಲಕ್ಕೆ ಮಂಡಕ್ಕಿ, ಈರುಳ್ಳಿ, ಹುರಿಗಡಲೆ ತುಂಬಿಕೊಂಡರು. ಕಳೆದುಹೋದ ಸೀರೆಯನ್ನು ಹುಡುಕಲು ಹೊರಟವರು ಬುತ್ತಿ ಕಟ್ಟಿಕೊಳ್ಳುತ್ತಾರೆಯೇ? ನಮ್ಮ ಕಡೆ ಕಟ್ಟಿಕೊಳ್ಳುತ್ತಾರೆ.

ದಾವಣಗೆರೆಯ ಹಾರನ್ನು, ಧೂಳು, ಕಲ್ಯಾಣಮಂಟಪಗಳ ಸಾಲು ಹಿಂದೆ ಸರಿದು, ಗದ್ದೆಗಳ ಹಸಿರು ಬಂದು, ಹರಿಹರದಲ್ಲಿ ಇಳಿದು ಆಟೋ ಹತ್ತಿ ದಂಡೆ ಮುಟ್ಟುವ ಹೊತ್ತಿಗೆ ಬಿಸಿಲು ಚುರುಗುಡುತ್ತಿತ್ತು. ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದ ದುಂಡನೆಯ ತೆಪ್ಪದಲ್ಲಿ ಕುಳಿತದ್ದು ನನ್ನ ಬದುಕಿನಲ್ಲೇ ಮೊದಲು. ನೀರು ಆಳವಿಲ್ಲದಿದ್ದರೂ ತೆಪ್ಪ ಗರಗರ ತಿರುಗಿದಾಗ ನನ್ನ ಕಣ್ಣು ತಾನೇ ಮುಚ್ಚಿಕೊಂಡಿತು. ಅತ್ತೆ ನನ್ನ ರಟ್ಟೆ ಹಿಡಿದು, "ಹೆದರಬ್ಯಾಡ. ಮುಳುಗಿದ್ರೆ ಇಬ್ರೂ ಮುಳುಗಾಣ, ಆಮೇಲೆ ನೀಲವ್ವ ಸೀರೆ ಯಾರ್ನ ಕೇಳ್ತಾಳೆ?" ಎಂದರು. ಹುಟ್ಟು ಹಾಕುತ್ತಿದ್ದಾತ ನಕ್ಕ ನಗುವಿಗೆ ತೆಪ್ಪ ಇನ್ನೊಂದು ಸುತ್ತು ತಿರುಗಿತು.

ಕಣ್ಣು ತೆರೆದಾಗ ಎದುರಿಗೆ ನನ್ನ ಹೂವಿನ ತೋಟ.

ಹೂವೊಂದೂ ಇರಲಿಲ್ಲ. ಬಂಡೆಯಿಂದ ಬಂಡೆಗೆ, ಮರಳಿನ ಮೇಲೆ, ಜೊಂಡಿನ ಮೇಲೆ, ಲಕ್ಕಿಗಿಡಗಳ ನೆತ್ತಿಯ ಮೇಲೆ ಹರಡಿದ್ದದ್ದು ನಮ್ಮೂರಿನ ಸಂಭ್ರಮಗಳ ಚಾವಣಿ. ಜರಿಯಂಚಿನ ಕೆಂಪು ಪರದೆಗಳು, ನೆರಿಗೆ ಹಿಡಿದ ಗುಲಾಬಿ ಝಾಲರಿಗಳು, ಹಳದಿ ನೀಲಿ ಪಟ್ಟೆಯ ಹಾಸುಗಳು. ಬೆನ್ನಿಗೆ ರಿಬ್ಬನ್ನು ಕಟ್ಟಿಸಿಕೊಳ್ಳುವ ಕುರ್ಚಿಯ ಅಂಗಿಗಳು ಸಾಲಾಗಿ ಮಲಗಿ, ಊಟ ಮುಗಿಸಿ ಒರಗಿದ ಬೀಗರ ಹಾಗೆ ಬಿಸಿಲು ಕಾಯಿಸುತ್ತಿದ್ದವು. ಎಷ್ಟು ಮದುವೆಗಳಲ್ಲಿ ಈ ಬಣ್ಣಗಳ ಕೆಳಗೆ ಕುಳಿತು ಕತ್ತೆತ್ತಿ ನೋಡಿದ್ದೇನೆ! ಈಗ ಅವೇ ನನ್ನ ಪಾದದ ಬಳಿ, ಸಾರಿನ ಕಲೆ, ಊದುಬತ್ತಿ ಸುಟ್ಟ ತೂತುಗಳನ್ನು ಸಂಕೋಚವಿಲ್ಲದೆ ತೋರಿಸುತ್ತ ಮಲಗಿದ್ದವು. ನೋಡಿ, ನಮ್ಮ ಸಡಗರದಲ್ಲಿ ಸ್ವಂತದ್ದೆನ್ನುವುದು ಎಷ್ಟು ಕಡಿಮೆ. ನೆರಳು ಬಾಡಿಗೆಯದು, ಕುರ್ಚಿ ಬಾಡಿಗೆಯದು, ಬೋಗುಣಿ ಪಕ್ಕದ ಮನೆಯದು, ಮೈಮೇಲಿನ ಸೀರೆ ಎದುರುಮನೆಯದು. ಎರವಲು ತಂದ ವಸ್ತುಗಳೆಲ್ಲ ಸೇರಿ ಒಂದು ದಿನ ಸಂಸಾರ ಮಾಡಿದರೆ ಅದಕ್ಕೆ ನಾವು ಶುಭಕಾರ್ಯ ಎನ್ನುತ್ತೇವೆ. ಮರುದಿನ ಎಲ್ಲವೂ ಅವರವರ ಮನೆ ಸೇರಲೇಬೇಕು. ಸೇರಿದರೇನೇ ಮುಂದಿನ ಮನೆಯ ಕಾರ್ಯಕ್ಕೆ ಅವು ಹೊರಡುವುದು.

ತತ್ತ್ವ ಹೊಳೆಯುವುದಕ್ಕೆ ಅದು ಒಳ್ಳೆಯ ಗಳಿಗೆಯಾಗಿರಲಿಲ್ಲ. ಏಕೆಂದರೆ ದಿಬ್ಬದ ಆಚೆ ತುದಿಯಲ್ಲಿ ದೊಡ್ಡದೊಂದು ಹಂಡೆ ಕುದಿಯುತ್ತಿತ್ತು, ಅದರಿಂದ ಬಸಿದ ನೀರು ಮರಳಿನ ಮೇಲೆ ಕೆಂಪಗೆ ಹರಿಯುತ್ತಿತ್ತು. ಸೆರಗಿನ ಕೆಂಪು! ಒಂದು ಬಂಡೆಯ ಮೇಲೆ ಕುಳಿತುಬಿಟ್ಟೆ. ಅತ್ತೆ ಮಂಡಕ್ಕಿಯ ಚೀಲವನ್ನು ಅವುಚಿಕೊಂಡು ಹಂಡೆಯ ಕಡೆಗೆ ಹೆಜ್ಜೆ ಹಾಕಿದರು.

"ಏನ್ ಹುಡುಕಾಕ್ ಬಂದೀರಿ ಯಕ್ಕಾ?" ಎನ್ನುತ್ತ ಹಂಡೆಯ ಬಳಿಯಿದ್ದ ಹೆಂಗಸು ಕೋಲು ಕೆಳಗಿಟ್ಟು ಬಂದರು. ಹನುಮಕ್ಕ ಎಂದು ಹೆಸರು. ಆ ದಿಬ್ಬದ ಒಗೆತವೆಲ್ಲ ಅವರ ಮನೆತನದ್ದೇ.

"ಒಂದು ಇಳಕಲ್ ಸೀರೆ, ಶಾಮಿಯಾನದ ಜೊತೆ..." ಎಂದು ಶುರುಮಾಡಿದೆ.

"ಇದ್ರ ಜೋಡಿ ಬಂದಿದ್ದಾ?" ಹನುಮಕ್ಕ ತಮ್ಮ ಸೆರಗಿನ ತುದಿ ಎತ್ತಿ ತೋರಿಸಿದರು. ಎರಡು ನೇರಳೆ ಕ್ಲಿಪ್ಪುಗಳು ಅಲ್ಲಿ ಚಿಟ್ಟೆಯ ಹಾಗೆ ಕುಳಿತಿದ್ದವು.

ಸೀರೆ ಹಂಡೆಯ ಹತ್ತಿರವೂ ಸುಳಿದಿರಲಿಲ್ಲ. ಕೆಂಪು ನೀರು ಯಾವುದೋ ಹೊಸ ಪರದೆಯದು. ಲಕ್ಕಿಗಿಡಗಳ ನೆರಳಿನಲ್ಲಿ, ಬೇರೆಯದೇ ಒಂದು ಹಗ್ಗದ ಮೇಲೆ, ನವಿಲುಬಣ್ಣದ ಸೀರೆ ಒಂಟಿಯಾಗಿ, ಒಂದಿಷ್ಟು ಗತ್ತಿನಿಂದಲೇ ತೂಗುತ್ತಿತ್ತು. ಹನುಮಕ್ಕ ಒಂದು ಪರದೆಯ ಮೂಲೆ ಮಗುಚಿ ತೋರಿಸಿದರು. ಅಲ್ಲಿ ಮೂರು ಕಪ್ಪು ಚುಕ್ಕಿ. "ಇದು ಬಾಷಾ ಸಾಬ್ರ ಗುರುತು. ಅಡ್ಡಗೀಟು ಇದ್ರೆ ಇನ್ನೊಬ್ರದು. ಗುರುತಿಲ್ಲ ಅಂದ್ರೆ ಯಾರ್ದೋ ಮನೆ ಬಟ್ಟೆ ದಾರಿ ತಪ್ಪೈತೆ ಅಂತ್ಲೇ. ನಮ್ಮತ್ತೆ ಕಾಲ್ದಿಂದ್ಲೂ ಅದನ್ನ ಸೋಡಾಕ್ಕೆ ಹಾಕಂಗಿಲ್ಲ, ಬಂಡೆಗೆ ಬಡಿಯಂಗಿಲ್ಲ. ಅಂಟುವಾಳದ ನೊರೆಯಾಗೆ ಅದ್ದಿ, ಹರಿಯೋ ನೀರಿಗೆ ಹಿಡಿದು, ನೆಳ್ಳಾಗೆ ಒಣಗಿಸೋದು. ನೆಂಟ್ರು ಮನೆಗ್ ಬಂದ್ರೆ ಕೆಲ್ಸ ಹಚ್ತೀವೇನ್ರಿ?"

ಗುರುತಿಲ್ಲದ್ದನ್ನು ನಾವು ಸಾಮಾನ್ಯವಾಗಿ ಹೇಗೆ ಕಾಣುತ್ತೇವೆ? ಯಾರದ್ದೆಂದು ಗೊತ್ತಿಲ್ಲದ ಚಪ್ಪಲಿ, ಯಾರದ್ದೆಂದು ಗೊತ್ತಿಲ್ಲದ ಛತ್ರಿ, ನಮ್ಮ ಕಣ್ಣಲ್ಲಿ ಯಾರದ್ದೂ ಅಲ್ಲ. ಈ ದಿಬ್ಬದಲ್ಲಿ ಮಾತ್ರ, ಯಾರದ್ದೆಂದು ಗೊತ್ತಿಲ್ಲದ್ದಕ್ಕೇ ಹೆಚ್ಚಿನ ಉಪಚಾರ. ಸೂಜಿ ಎಣಿಸಿದ್ದು, ಕರವಸ್ತ್ರದ ಮೂಲೆಯಲ್ಲಿ ಹೆಸರಿನ ಅಕ್ಷರ ಕಸೂತಿ ಹಾಕಿದ್ದು, ನನ್ನದು ನನಗೇ ಬರಲೆಂದು ನಾನು ಕಲಿತ ಜಾಣತನ. ಇನ್ನೊಬ್ಬರದ್ದು ಅವರಿಗೇ ಹೋಗಲೆಂದು ಕಾಯುವ ಈ ಇನ್ನೊಂದು ಜಾಣತನವನ್ನು ಹನುಮಕ್ಕನ ಅತ್ತೆ ಯಾವ ತರಗತಿಯಲ್ಲಿ ಕಲಿತಿದ್ದರೋ.

ಬಂಡೆಯ ನೆರಳಿನಲ್ಲಿ ಮೂವರೂ ಕುಳಿತು ಮಂಡಕ್ಕಿ ಕಲೆಸಿ ತಿಂದೆವು. ಹನುಮಕ್ಕ ಹಸಿಮೆಣಸಿನಕಾಯಿ ತಂದರು. ಅತ್ತೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ನೀರಿನಲ್ಲಿ ಕಾಲು ಇಳಿಬಿಟ್ಟರು. ಮೀನುಮರಿಗಳು ಹಿಮ್ಮಡಿ ಕಚ್ಚಿದಾಗಲೆಲ್ಲ ಕಿಸಕ್ಕನೆ ನಗುವರು. "ನಡೀರಿ ಅತ್ತೆ, ಹೊತ್ತಾತು" ಎಂದರೆ "ಸೀರೆ ಸಿಕ್ತಲ್ಲ, ಇನ್ನೇನ್ ಅವಸರ? ಇನ್ನೊಂದು ಚೂರು ಕಚ್ಚಲಿ ತಡಿ" ಎಂದು ನನ್ನನ್ನೇ ಗದರಿದರು. ಅಷ್ಟು ಹಗುರವಾಗಿ ಅವರನ್ನು ನಾನು ನಮ್ಮ ಮನೆಯೊಳಗೆ ಎಂದೂ ಕಂಡಿರಲಿಲ್ಲ. ಹೊರಡುವಾಗ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಹನುಮಕ್ಕನ ಕೈಗಿಟ್ಟು, ಮಗಳ ಮನೆಯಿಂದ ಹೊರಟವರ ಹಾಗೆ ಎರಡು ಸಲ ತಿರುಗಿ ನೋಡಿದರು.

ಬಸ್ಸಿನಲ್ಲಿ ಸೀರೆ ನನ್ನ ತೊಡೆಯ ಮೇಲಿತ್ತು. ಕಿಟಕಿಯ ಗಾಳಿಗೆ ಅದರ ವಾಸನೆ ಎದ್ದಾಗ ಹೊಸ ಚಿಂತೆ ಹತ್ತಿತು. ಹಸಿ ಮರಳು, ಪಾಚಿ, ಅಂಟುವಾಳ, ಲಕ್ಕಿಸೊಪ್ಪು, ಬಿಸಿಲು. ದಾವಣಗೆರೆಯ ನಲ್ಲಿನೀರಿನಲ್ಲಿ ಒಗೆದ ಯಾವ ಬಟ್ಟೆಗೂ ಈ ವಾಸನೆ ಇರಲು ಸಾಧ್ಯವಿಲ್ಲ. "ಹೊಳೆ ವಾಸನೆ ಹೋಗ್ತಿಲ್ಲ ಅತ್ತೆ, ನೀಲಕ್ಕನಿಗೆ ಗೊತ್ತಾಗ್ತದೆ" ಎಂದೆ. "ಮನೆಗ್ ಹೋಗಿ ಒಂದ್ ತೊಟ್ಟು ಅತ್ತರು ಸಿಡಿಸು. ಸಿಕ್ಕಿದ್ ಮ್ಯಾಲೆ ಇಲ್ಲದ್ ಮಾತು ಯಾಕ?" ಎಂದು ಅತ್ತೆ ಕಣ್ಣು ಮುಚ್ಚಿ ನಿದ್ದೆಗಿಳಿದರು.

ಅತ್ತರಿನ ಶೀಸೆ ಕೈಗೆತ್ತಿಕೊಂಡದ್ದು ನಿಜ. ಬಿರಡೆ ತೆಗೆದೆ, ಮತ್ತೆ ಹಾಕಿದೆ. ದಾರಿ ತಪ್ಪಿದ ಸೀರೆಯನ್ನು ಅಷ್ಟು ನೇರವಾಗಿ ನಡೆಸಿಕೊಂಡ ಕೈಗಳ ವಾಸನೆಯನ್ನು ಮುಚ್ಚಿ, ಅದರ ಮೇಲೆ ನನ್ನ ಅಚ್ಚುಕಟ್ಟುತನದ ಮುಖವಾಡ ಹೊದಿಸುವುದು ಯಾಕೋ ಹನುಮಕ್ಕನಿಗೆ ಮಾಡುವ ಅವಮಾನ ಎನಿಸಿತು. ಹೇಳಿಬಿಡುವುದೇ ಸರಿ. ನೀಲಕ್ಕ ಮುನಿಸಿಕೊಂಡರೆ ಒಂದು ವಾರ. ಇನ್ನೆಂದೂ ಸೀರೆ ಕೊಡದಿದ್ದರೆ ಅದೂ ನ್ಯಾಯವೇ.

ದೀಪ ಹಚ್ಚುವ ಹೊತ್ತಿಗೆ ನೀಲಕ್ಕ ಬಂದರು. ಕೈಯಲ್ಲಿ ಕುಬುಸದ ಮನೆಯ ಶೇಂಗಾ ಉಂಡೆಯ ಡಬ್ಬಿ, ಮುಖದಲ್ಲಿ ಬಸ್ಸಿನ ದಣಿವು. "ಕೂಡಾಕ್ ಆಗಲ್ರಿ, ನಾಳೆ ಪೂಜೆ ಕೆಲ್ಸ ಬೆಟ್ಟದಷ್ಟೈತೆ" ಎನ್ನುತ್ತ ಹೊಸ್ತಿಲ ಬಳಿಯೇ ನಿಂತರು. ನಾನು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಕ್ಲಿಪ್ಪುಗಳೆರಡೂ ನನ್ನ ಮುಷ್ಟಿಯಲ್ಲಿ ಬೆವರುತ್ತಿದ್ದವು. ಬೆಳಿಗ್ಗೆಯವರೆಗೆ ಅವು ಹನ್ನೆರಡರಲ್ಲಿ ಎರಡಾಗಿದ್ದವು, ಈಗ ಬುಟ್ಟಿಗೆ ಹಾಕಲು ಮನಸ್ಸೇ ಬಾರದ ಸಾಕ್ಷಿಗಳು. ಹಿಂದೆ ಅತ್ತೆ ಕೆಮ್ಮಿದರು.

"ನೀಲಕ್ಕ, ಒಂದು ಮಾತು ಹೇಳೋದೈತೆ" ಎಂದೆ.

ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಸೆರಗಿನ ತುದಿ ಬಿಚ್ಚಿ ಮೂಗಿನ ಹತ್ತಿರ ಹಿಡಿದಿದ್ದರು. ಆಮೇಲೆ ಸೀರೆಯನ್ನು ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಉಂಡೆಯ ಡಬ್ಬಿಯನ್ನು ನನ್ನ ಕಡೆ ಚಾಚುತ್ತ ಹೇಳಿದರು: "ನಮ್ಮವ್ವ ಹೊಳ್ಯಾಗೆ ಒಗದು ತಂದಾಗ ಹಿಂಗೇ ವಾಸ್ನೆ ಬರ್ತಿತ್ತು ನೋಡ್ರಿ. ಯಾವ್ ಸೋಪ್ ಹಾಕಿದ್ರಿ? ನಂಗೂ ಹೆಸ್ರು ಹೇಳ್ರಿ."