ಅಕ್ಕನ ಜೊತೆ ಲಾರಿ ಓಡಿಸಲು ಒಂದು ಮದರ್‌ಬೋರ್ಡ್

ಜಮಖಂಡಿಯಿಂದ ಬನಹಟ್ಟಿಗೆ ಬರುವ ಬಸ್ಸು. ಪುಣ್ಯಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ತೊಡೆಯ ಮೇಲೊಂದು ಚಪ್ಪಟೆ ಡಬ್ಬಿ ಇಟ್ಟುಕೊಂಡು, ಅದರ ಮೇಲೆ ಎರಡೂ ಕೈ ಊರಿ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಡಬ್ಬಿಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಡಬ್ಬಿಯನ್ನು ನೋಡಿದರು.

"ಸೀರಿ ಏನ್ರಿ?"

"ಅಲ್ರಿ. ಮದರ್‌ಬೋರ್ಡ್."

"ಹೊಸಾದ ಬಂದೈತೇನ್ರಿ? ಅದಕ್ಕ ಅಂಚು ಎಂಥಾದ್ದು ಬರತೈತಿ?"

ತಪ್ಪು ಅವರದಲ್ಲ. ನಮ್ಮ ಕಡೆ ಚಪ್ಪಟೆ ಡಬ್ಬಿಯೊಳಗೆ ಸೀರೆಯಲ್ಲದೆ ಇನ್ನೇನಿರುತ್ತದೆ? ಅದೂ ಅಲ್ಲದೆ ಆಗಾಗ ಹೊಸ ಹೆಸರಿನ ಸೀರೆ ಹುಟ್ಟುವ ಊರು ನಮ್ಮದು. ಇದು ಕಂಪ್ಯೂಟರಿನ ಒಳಗಿನ ಸಾಮಾನು ಎಂದು ತಿಳಿಸಿ ಹೇಳಿದೆ. "ಮಕ್ಕಳ ಸಾಲಿಗೇನ್ರಿ?" ಎಂದರು. "ಅಲ್ರಿ, ನನಗ. ಆಟ ಆಡಾಕ" ಎಂದೆ. ಊರು ಬರುವ ತನಕ ಅವರು ಕಿಟಕಿಯ ಆಚೆ ನೋಡುತ್ತ ಕೂತರು. (ಕಿಟಕಿ ಇದ್ದದ್ದು ನನ್ನ ಕಡೆ. ನನ್ನನ್ನು ದಾಟಿಕೊಂಡೇ ಆಚೆ ನೋಡಿದರು!)

ಹೌದು, ನಾನು ಗೇಮ್ ಆಡುತ್ತೇನೆ. ಇಷ್ಟು ವರ್ಷ ಈ ಅಂಕಣದಲ್ಲಿ ಹಪ್ಪಳ, ಹಲ್ಲುನೋವು, ಬೀಗರ ಊಟ ಎಲ್ಲದರ ಬಗ್ಗೆ ಬರೆದಿದ್ದೇನೆ. ಇದೊಂದನ್ನು ಮಾತ್ರ ನಿಮ್ಮಿಂದ ಮುಚ್ಚಿಟ್ಟಿದ್ದೆ. ನಾನು ಆಡುವುದು ಲಾರಿ ಓಡಿಸುವ ಆಟ. ನಿಜ ಜೀವನದಲ್ಲಿ ನನಗೆ ಸ್ಕೂಟಿಯೂ ಬರುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಹದಿನಾರು ಚಕ್ರದ ಲಾರಿಯನ್ನು ಹಿಮ ಬೀಳುವ ಘಾಟಿನಲ್ಲಿ ರಿವರ್ಸ್ ತೆಗೆಯುತ್ತೇನೆ.

ನನ್ನ ಮುಂದೆ ಇನ್ನೊಂದು ಲಾರಿ ಹೋಗುತ್ತಿರುತ್ತದೆ. ಅದರ ಡ್ರೈವರ್ ನಮ್ಮ ಕಸ್ತೂರಕ್ಕ. ನನ್ನ ಒಡಹುಟ್ಟಿದ ಅಕ್ಕ. ಮುಧೋಳದ ದೊಡ್ಡ ಮನೆತನದ ಹಿರಿಯ ಸೊಸೆ.

ಅಕ್ಕ ಲಾರಿ ಡ್ರೈವರ್ ಆದದ್ದು ಹೇಗೆ? ಅದಕ್ಕೆ ಆ ಮನೆಯ ಫೋನೇ ಕಾರಣ. ಅಕ್ಕನ ಅತ್ತೆ ದಿನವಿಡೀ ಪಡಸಾಲೆಯಲ್ಲಿ ಕೂತಿರುತ್ತಾರೆ. ಅಕ್ಕನ ಮೊಬೈಲ್ ಸದ್ದು ಮಾಡಿತೋ, "ಯಾರದ ಬೇ? ತಂಗೀದೇನ? ಸ್ಪೀಕರ್ ಹಚ್ಚು, ನಾನೂ ಮಾತಾಡ್ತೇನಿ" ಎನ್ನುತ್ತಾರೆ. ಮುದುಕಿ ಕೆಟ್ಟವರಲ್ಲ. ನನ್ನ ಮೇಲೆ ಪ್ರೀತಿಯೇ ಇದೆ. ಆದರೆ ಸ್ಪೀಕರ್ ಹಚ್ಚಿದ ಫೋನಿನಲ್ಲಿ ಅಕ್ಕತಂಗಿ ಏನು ಮಾತಾಡಿಕೊಂಡಾರು? ಅರಾಮದೀರಿ? ಅರಾಮ. ಊಟ ಆತು? ಆತು. ಮಳಿ ಆತು? ಇಲ್ಲ. ಇಡ್ರಿ. ಹಲವು ವರ್ಷ ನಾವಿಬ್ಬರೂ ಹೀಗೆ ಹವಾಮಾನ ವರದಿ ಓದಿದ್ದೇವೆ.

ಅಕ್ಕನ ಮೈದುನನಿಗೆ ಗೇಮ್ ಹುಚ್ಚು. ಒಳ್ಳೆಯ ಕಂಪ್ಯೂಟರ್ ಇಟ್ಟುಕೊಂಡಿದ್ದಾನೆ. ಸಂಜೆ ಅವನು ಬೆಲ್ಲದ ವ್ಯಾಪಾರಕ್ಕೆಂದು ಮಹಾಲಿಂಗಪುರದಲ್ಲಿದ್ದಾಗ ಅದು ಖಾಲಿ. ಒಮ್ಮೆ ತಮಾಷೆಗೆ ಅಕ್ಕನಿಗೂ ಲಾರಿ ಓಡಿಸುವುದನ್ನು ಕಲಿಸಿದ. ಇಬ್ಬರು ಬೇರೆ ಬೇರೆ ಊರಿನಿಂದ ಒಂದೇ ರಸ್ತೆಯಲ್ಲಿ ಓಡಿಸಬಹುದು, ಹೆಡ್‌ಫೋನ್ ಹಾಕಿಕೊಂಡು ಮಾತೂ ಆಡಬಹುದು ಎಂದು ಗೊತ್ತಾದ ದಿನವೇ ಅಕ್ಕ ನನಗೆ ಮೆಸೇಜ್ ಹಾಕಿದಳು. ಫೋನಿನಲ್ಲಿ ಮಾತಾಡಿದರೆ ಮನೆಯವರೆಲ್ಲ ಕೇಳುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಸ್ಟೇರಿಂಗ್ ತಿರುಗಿಸುತ್ತ ಮಾತಾಡಿದರೆ ಒಬ್ಬರೂ ಕೇಳುವುದಿಲ್ಲ. "ಆಟ ಆಡಾಕತ್ತಾಳ, ಬಿಡು" ಎಂದು ಸುಮ್ಮನಾಗುತ್ತಾರೆ. ಎಂಥ ಸೋಜಿಗ ನೋಡಿ!

(ಇದನ್ನೆಲ್ಲ ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳು ಯಾಕೆ ಒಪ್ಪಿದಳು ಎನ್ನುವುದು ಮುಂದೆ ಗೊತ್ತಾಗುತ್ತದೆ.)

ಹೀಗೆ ದಿನಾ ಸಂಜೆ ನಮ್ಮ ಲಾರಿಗಳು ಹೊರಡುತ್ತಿದ್ದವು. ಅಕ್ಕ ತನ್ನ ಮೊಣಕಾಲಿನ ನೋವು ಹೇಳುತ್ತಿದ್ದಳು, ಮಗಳಿಗೆ ಬಂದ ವರನ ಮೂಗು ಬಣ್ಣಿಸುತ್ತಿದ್ದಳು. ಒಮ್ಮೊಮ್ಮೆ ಅಳುತ್ತಿದ್ದಳು. ಅಳುತ್ತಲೇ ಟೋಲ್‌ನಾಕಾ ದಾಟುತ್ತಿದ್ದಳು. ಮತ್ತೆ ನಗುತ್ತಿದ್ದೆವು. ಮದುವೆಯಾದ ಮೇಲೆ ನಾವಿಬ್ಬರೂ ಇಷ್ಟು ಮಾತಾಡಿದ್ದೇ ಇಲ್ಲ.

ಮೊನ್ನೆ ಮೊನ್ನೆ ನನ್ನ ಕಂಪ್ಯೂಟರ್ ತೇಕಲು ಶುರುಮಾಡಿತು. ನಡುರಸ್ತೆಯಲ್ಲಿ ನನ್ನ ಲಾರಿ ಕಲ್ಲಾಗಿ ನಿಲ್ಲುತ್ತಿತ್ತು. ಅಕ್ಕ ಪಾಪ, ಗೊತ್ತಾಗದೆ ಮುಂದೆ ಹೋಗುತ್ತ ಗಾಳಿಯ ಜೊತೆ ಮಾತಾಡುತ್ತಿದ್ದಳು. ಆಮೇಲೆ ಆಟದ ಹೊಸ ಆವೃತ್ತಿ ಬಂತು. ಅದು ನನ್ನ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಈ ಯಂತ್ರ ತನಗೆ ಸಾಲದು ಎಂದು ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು. ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅರಾಮದೀರಿ? ಅರಾಮ. ಊಟ ಆತು? ಆತು. ಫೋನ್ ಇಟ್ಟ ಮೇಲೆ ನನಗೆ ಅಳುವೇ ಬಂತು.

ಈಗ ನಮ್ಮ ಮನೆಯವರ ಪ್ರವೇಶ. ಅವರದು ಪವರ್‌ಲೂಮ್. ಕೆಳಗೆ ಮಗ್ಗಗಳು, ಮೇಲೆ ಸಂಸಾರ. ಹಗಲು ಅದೇ ಕಂಪ್ಯೂಟರಿನಲ್ಲಿ ಅವರು ಸೀರೆಯ ಸೆರಗಿನ ಡಿಸೈನ್ ಬಿಡಿಸುತ್ತಾರೆ. ಡಿಸೈನಿನ ಆ ಸಾಫ್ಟ್‌ವೇರ್ ಹಳೇ ಕಾಲದ್ದು. ಕಂಪ್ಯೂಟರಿನ ಹಿಂದೆ ಅಗಲವಾದ ಒಂದು ಪೋರ್ಟಿಗೆ ಬೆಂಕಿಪೊಟ್ಟಣದಂಥ ಒಂದು ಕೀಲಿ ಸಿಕ್ಕಿಸಿದರೆ ಮಾತ್ರ ತೆರೆಯುತ್ತದೆ. ಈಗಿನ ಬೋರ್ಡುಗಳ ಹಿಂದೆ ಆ ಪೋರ್ಟ್ ಇರುವುದಿಲ್ಲ.

"ಬೋರ್ಡ್ ದಣದೈತಿ. ನಾ ತರತೇನಿ ತಡಿ" ಎಂದರು. ನಮ್ಮೂರಲ್ಲಿ ಸಾಮಾನು ತರುವುದಕ್ಕೆ ಒಂದು ಪದ್ಧತಿ ಇದೆ. ಮಗ್ಗದ್ದು ಏನೇ ಮುರಿದರೂ ಮುರಿದ ತುಂಡನ್ನೇ ಅಂಗಡಿಗೆ ಒಯ್ಯಬೇಕು. ಹೆಸರು ಬೇಡ, ನಂಬರ್ ಬೇಡ. ತುಂಡನ್ನು ಕಟ್ಟೆಯ ಮೇಲೆ ಇಟ್ಟು "ಇಂಥಾದ್ದ ಕೊಡ್ರಿ" ಅಂದರೆ ಮುಗಿಯಿತು. ಅಂಗಡಿಯವನು ಹಲ್ಲಿಗೆ ಹಲ್ಲು, ತೂತಿಗೆ ತೂತು ಹೊಂದಿಸಿ ಕೊಡುತ್ತಾನೆ. ಮನೆಯವರು ಹಾಗೇ ಮಾಡಿದರು. ಮದರ್‌ಬೋರ್ಡನ್ನು ಬಿಚ್ಚಿ, ಒಂದು ಪಾಲಿಸ್ಟರ್ ಸೀರೆಯ ತುಂಡಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಜಮಖಂಡಿಗೆ ಹೋದರು.

ಸಂಜೆ ನಗುತ್ತ ಬಂದರು. "ನೋಡು, ಸ್ಕ್ರೂ ಸುದ್ದಾ ಒಂದ ಎಳಿ ಆಕಡೀಕಡಿ ಇಲ್ಲ!" ಖರೆ. ಎಲ್ಲೋ ಮೂಲೆಯಲ್ಲಿ ಉಳಿದಿದ್ದ ಅದೇ ಕಂಪನಿಯ, ಅದೇ ಕಾಲದ, ಅದೇ ಬೋರ್ಡು. ಹಳೇ ಪ್ರೊಸೆಸರ್ ಕೂತಿತು. ಹಳೇ ರ‍್ಯಾಮ್ ಕೂತಿತು. ಹಳೇ ಕೀಲಿ ಕೂತಿತು. ಆಟ ತೆರೆದೆ. ಅದೇ ಒಂದು ಸಾಲು ಬಂದು ಮುಚ್ಚಿಕೊಂಡಿತು.

"ಹಂಗಾದ್ರ ನಿನ್ನ ಆಟದ್ದ ತಪ್ಪು. ಬೋರ್ಡ್ ಬರೋಬ್ಬರಿ ಐತಿ."

"ನನಗ ಹೊಸಾ ಬೋರ್ಡ್ ಬೇಕ್ರಿ."

"ಕೀಲಿ ಎಲ್ಲಿ ಹಾಕ್ಲಿ? ಒಂದ ಮನಿಗಿ ಎರಡ ಕಂಪ್ಯೂಟರ್ ಯಾಕ ಬೇಕ? ಅಕ್ಕನ ಕೂಡ ಮಾತಾಡೂದಿದ್ರ ಫೋನ್ ಹಚ್ಚು."

ಆಗ ಹೇಳಿದೆ. ಎಲ್ಲ ಹೇಳಿದೆ. ಪಡಸಾಲೆ, ಸ್ಪೀಕರು, ಅಕ್ಕನ ಮೊಣಕಾಲು, ಟೋಲ್‌ನಾಕಾದ ಅಳು.

"ಅಂದ್ರ ಇಷ್ಟ ದಿನಾ ನೀವು ಮಾತಾಡಾಕತ್ತಿದ್ರೇನು?"

"ಹೌದ್ರಿ."

"ನೀ ಲಾರಿ ಹೊಡ್ಯಾಕತ್ತಿ ಅಂತ ತಿಳ್ಕೊಂಡಿದ್ದೆ ನಾ."

"ಅದೂ ಹೊಡೀತಿದ್ನಿರಿ."

ಎದ್ದು ಮಗ್ಗದ ಕಡೆ ಇಳಿದರು. ಅರ್ಧ ಮೆಟ್ಟಿಲಿನಿಂದಲೇ ಕೂಗಿದರು: "ಹಳೇ ಕಂಪ್ಯೂಟರ್ ನನಗಿರ್ಲಿ. ಬಿಚ್ಚಿದ ಬೋರ್ಡ್ ಸ್ಪೇರ್ ಆತು. ನಿಂದು ನೀನ ನೋಡಿ ತಗೋ."

ನೋಡಿ ತಗೋ ಎಂದರು. ಏನು ನೋಡುವುದು? ಯೂಟ್ಯೂಬ್ ತೆರೆದೆ. ಅಬ್ಬಬ್ಬಾ! ಮದರ್‌ಬೋರ್ಡುಗಳಿಗೆ ಯುದ್ಧದ ಆಯುಧಗಳ ಹೆಸರು. ಮೈತುಂಬ ಬಣ್ಣದ ದೀಪ. ಡಬ್ಬಿಯೊಳಗೆ ಮುಚ್ಚಿಡುವ ಸಾಮಾನಿಗೆ ದೀಪಾಲಂಕಾರ ಯಾರು ನೋಡಲಿ ಅಂತ? ಆದರೆ ನೋಡುತ್ತ ನೋಡುತ್ತ ರುಚಿ ಹತ್ತಿತು. ಈ ಬೋರ್ಡ್ ತಾನಾಗಿ ಏನೂ ಮಾಡುವುದಿಲ್ಲ. ಲೆಕ್ಕ ಹಾಕುವುದು ಪ್ರೊಸೆಸರ್, ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಆದರೆ ಯಾವ ಪ್ರೊಸೆಸರ್ ಕೂರಬೇಕು, ಯಾವ ಕಾಲದ ರ‍್ಯಾಮ್ ಹಿಡಿಯಬೇಕು, ಎಷ್ಟು ಕರೆಂಟ್ ಯಾರಿಗೆ ಹೋಗಬೇಕು ಎನ್ನುವುದೆಲ್ಲ ಇದರ ಕೈಯಲ್ಲಿ. ಪ್ರೊಸೆಸರ್ ಕೂರುವ ಚೌಕಕ್ಕೆ ಸಾಕೆಟ್ ಅನ್ನುತ್ತಾರೆ. ಅದು ಹೊಂದದಿದ್ದರೆ ಎಂಥ ದುಬಾರಿ ಪ್ರೊಸೆಸರ್ ಆದರೂ ಕೈಯಲ್ಲಿ ಹಿಡಿದು ಕೂರಬೇಕು. ಇನ್ನೂ ಒಂದು ತಮಾಷೆ. ಸಾಕೆಟ್ ಹೊಂದಿದರೂ ಕೆಲವು ಬೋರ್ಡುಗಳು ತಮಗಿಂತ ಹೊಸ ಪ್ರೊಸೆಸರನ್ನು ಗುರುತು ಹಿಡಿಯುವುದಿಲ್ಲ. ಮೊದಲು ಬೋರ್ಡಿನ ಒಳಗಿನ ತಂತ್ರಾಂಶವನ್ನು ಹೊಸದು ಮಾಡಬೇಕಂತೆ.

ಜಮಖಂಡಿಗೆ ಹೋದೆ. ಕಂಪ್ಯೂಟರ್ ಅಂಗಡಿಯ ಮಾಲೀಕ ಮಹಾಂತೇಶ, ನಮ್ಮ ಮನೆಯವರ ಹಳೇ ಪರಿಚಯ. ನನ್ನ ಕೈ ಖಾಲಿ ಇದ್ದದ್ದು ನೋಡಿ ಅವನಿಗೇ ಆಶ್ಚರ್ಯ.

"ಅಕ್ಕಾರ, ಬನಹಟ್ಟಿಯವ್ರು ಸ್ಯಾಂಪಲ್ ಇಲ್ಲದ ಬಂದೀರಲ್ರಿ! ನಿಮ್ಮ ಯಜಮಾನ್ರು ಬೋರ್ಡಿಗೆ ಪಾಲಿಸ್ಟರ್ ಸುತ್ತಿ ತಂದಿದ್ರು. ನನ್ನ ಎದಿ ಝಲ್ ಅಂತು."

"ಯಾಕ?"

"ಆ ಬಟ್ಟ್ಯಾಗ ಕರೆಂಟ್ ಹುಟ್ಟತೈತ್ರಿ. ಚಟ್ ಅಂದ್ರ ಬೋರ್ಡ್ ಹೋತು." ಆಮೇಲೆ ಕೇಳಿದ, "ನಿಮಗ ಯಾವದಕ್ಕ ಬೇಕ್ರಿ?"

ಡಿಸೈನಿಗೆ ಎಂದು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಆಟಕ್ಕ" ಎಂದೆ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಮಹಾಂತೇಶ ನಗಲಿಲ್ಲ. "ಮುಂದ ಇನ್ನೂ ಏನೇನ ಹಚ್ಚಾವ್ರಿದ್ದೀರಿ?" ಎಂದು ಕೇಳಿದ. ಇವತ್ತಿಗೆಂದು ಬೋರ್ಡ್ ಕೊಳ್ಳಬಾರದಂತೆ. ಮುಂದೆ ರ‍್ಯಾಮ್ ಹೆಚ್ಚಿಸುವುದಾದರೆ ಖಾಲಿ ಜಾಗ ಬೇಕು, ದೊಡ್ಡ ಕಾರ್ಡ್ ಹಾಕುವುದಾದರೆ ಗಟ್ಟಿ ಸ್ಲಾಟ್ ಬೇಕು.

ಮುರಿದದ್ದಕ್ಕೆ ಹೊಂದುವುದನ್ನು ತಂದೇ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಮಿಕ್ಸಿಯ ಜಾರು, ಕುಕ್ಕರಿನ ರಬ್ಬರು, ಎಲ್ಲಕ್ಕೂ ಹಳೇದನ್ನೇ ಚೀಲದಲ್ಲಿ ಒಯ್ದದ್ದು. ಮುಂದೆ ಏನು ಮಾಡುತ್ತೀರಿ ಎಂದು ಯಾವ ಅಂಗಡಿಯವನೂ ನನ್ನನ್ನು ಕೇಳಿರಲಿಲ್ಲ. ನಿಮ್ಮನ್ನು ಕೇಳಿದ್ದಾರೆಯೇ?

ಕಡೆಗೆ ನಾನೇ ಒಂದು ಪ್ರಶ್ನೆ ಹಾಕಿದೆ. "ನಮ್ಮ ಮನ್ಯಾಗ ಕೆಳಗ ಮಗ್ಗ ಅದಾವು. ನೆಲ ಅಲಗಾಡತೈತಿ. ನೂಲಿನ ಹಿಂಜು ಧೂಳಿನಂಗ ಹಾರತೈತಿ. ಅದನ್ನ ಯಾ ಬೋರ್ಡ್ ತಡೀತೈತಿ?"

ಮಹಾಂತೇಶ ಗಲ್ಲ ಕೆರೆದುಕೊಂಡ. "ಇದನ್ನ ಯಾ ವಿಡಿಯೋದಾಗೂ ಹೇಳಂಗಿಲ್ರಿ" ಎಂದ. ಇಬ್ಬರೂ ಕೂಡಿ ಯೋಚಿಸಿದೆವು. ಗ್ರಾಫಿಕ್ಸ್ ಕಾರ್ಡ್ ಭಾರದ್ದು. (ಅಕ್ಕನ ಮೈದುನ ಹೊಸದು ತಂದಾಗ ಹಳೇದನ್ನು ನನಗೆ ಕೊಟ್ಟಿದ್ದ.) ಅದು ಬೋರ್ಡಿಗೆ ಅಡ್ಡ ಜೋತುಬಿದ್ದಿರುತ್ತದೆ, ಮಗ್ಗ ನಡುಗಿಸಿದರೆ ಸಡಿಲಾಗುತ್ತದೆ. ಹಾಗಾಗಿ ಸ್ಲಾಟಿಗೆ ಲೋಹದ ಕವಚ ಇರುವ ಬೋರ್ಡ್ ಇರಲಿ ಎಂದಾಯಿತು. ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ನಿಲ್ಲಿಸುವ ಬದಲು ಮಲಗಿಸಿಬಿಟ್ಟರೆ ಕಾರ್ಡ್ ಜೋತುಬೀಳುವ ಮಾತೇ ಇಲ್ಲ ಎಂದು ನಾನೆಂದೆ. ಅವನು ಟೇಬಲ್ ಕುಟ್ಟಿ ಒಪ್ಪಿದ. ಹಿಂಜಿಗೆ ಫ್ಯಾನಿನ ಮುಂದೆ ಜಾಳಿಗೆ. ದೀಪಗಳಿಲ್ಲದ, ರ‍್ಯಾಮಿಗೆ ನಾಲ್ಕು ಜಾಗ ಇರುವ ಒಂದು ಬೋರ್ಡ್ ಆರಿಸಿದೆವು. ಕ್ಯಾಬಿನೆಟ್ ಮತ್ತು ಉಳಿದ ಸಾಮಾನನ್ನೆಲ್ಲ ಅವನೇ ಮರುದಿನ ಮನೆಗೆ ತಂದು ಜೋಡಿಸಿಕೊಡುತ್ತೇನೆ ಎಂದ. ಬೋರ್ಡನ್ನು ಮಾತ್ರ ನಾನು ಬಿಡಲಿಲ್ಲ. ತೊಡೆಯ ಮೇಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ಜೋಡಿಸಿದ ದಿನವೇ ಸಂಜೆ ಆಟ ತೆರೆದೆ. ತೆರೆಯಿತು! ರಸ್ತೆಯ ಮೇಲೆ ಮಳೆ ಬೀಳುತ್ತಿತ್ತು. ಗಾಜಿನ ಮೇಲೆ ಒಂದೊಂದೇ ಹನಿ ಜಾರುವುದು ಕಾಣುತ್ತಿತ್ತು. ಮುಂದೆ ಅಕ್ಕನ ಲಾರಿಯ ಕೆಂಪು ದೀಪ.

"ಸುಮಾ, ಬಂದೇನ ಬೇ?" ಎಂದಳು.

ಇನ್ನೂ ಮೊದಲ ತಿರುವು ದಾಟಿರಲಿಲ್ಲ. ಆ ಕಡೆ ಕುರ್ಚಿ ಎಳೆದ ಸದ್ದು. ಅಕ್ಕ ಪಿಸುಗುಟ್ಟಿದಳು, "ಅತ್ತಿ ಬಂದ್ರು." ಲಾರಿ ಬದಿಗೆ ಹಾಕಿದೆ. ಆಯಿತು, ಇನ್ನು ಇಲ್ಲಿಯೂ ಹವಾಮಾನ ವರದಿಯೇ ಎಂದುಕೊಂಡೆ.

"ಆ ಕಿವಿಗಿ ಹಾಕ್ಕೊಳ್ಳೂದು ಇತ್ತ ಕೊಡ ಬೇ" ಎಂಬ ದನಿ ಕೇಳಿತು. ಮರುಗಳಿಗೆ ಅದೇ ದನಿ ನನ್ನ ಕಿವಿಯೊಳಗೇ ಬಂತು.

"ಯವ್ವಾ ಸುಮಾ, ಇಷ್ಟ ದಿನಾ ಎಲ್ಲಿ ಹೋಗಿದ್ಯ? ನಿಮ್ಮ ಅಕ್ಕ ಮಾರಿ ಸಣ್ಣದ ಮಾಡ್ಕೊಂಡ ಅಡ್ಡಾಡಾಕತ್ತಿದ್ಲು. ಮಾತ ಬಂದ್ ಆಗಿದ್ದುವೇನ?"

"ಅತ್ತೀ, ನಿಮಗ ಗೊತ್ತಿತ್ತೇನ್ರಿ?"

"ಲಾರಿ ಹೊಡ್ಯಾವ್ರು ಹಂಗ ನಗತಾರೇನ ಹುಚ್ಚಿ?"

ಆಮೇಲೆ ಅವರು ದನಿ ತಗ್ಗಿಸಿ, ಪಕ್ಕದಲ್ಲಿದ್ದ ಅಕ್ಕನಿಗೂ ಕೇಳಿಸಬಾರದೆಂಬಂತೆ ಹೇಳಿದರು.

"ನನ್ನ ತಂಗಿ ಬೀಳಗ್ಯಾಗ ಅದಾಳ. ಫೋನ್ ಮಾಡಿದ್ರ ಆಕಿ ಸೊಸಿ ಸ್ಪೀಕರ್ ಹಚ್ಚತಾಳ. ಆಕಿಗೂ ಇಂಥಾದ್ದೊಂದ ಲಾರಿ ಹೊಂದಿಸಿ ಕೊಡತೀ ಏನ?"

ಈಗ ನೀವೇ ಹೇಳಿ, ಬೀಳಗಿಯ ಆ ಅಜ್ಜಿಗೆ ಯಾವ ಮದರ್‌ಬೋರ್ಡ್ ತರಲಿ?