ಸೂಜಿ ಏರಬೇಕೋ ಇಳಿಯಬೇಕೋ

ದ್ರಾವಣ ಗಟ್ಟಿ ಮಾಡೋಣ ಎಂದವನು ನಾನು. ಮೀಟರಿನ ತಂತಿ ಉಲ್ಟಾ ಆಗಿರಬೇಕು ಎಂದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ; ಇಲ್ಲದಿದ್ದರೆ ಓದುವವರು ಅರ್ಧ ದಾರಿಯವರೆಗೆ ನನ್ನನ್ನು ಜಾಣನೆಂದು ತಿಳಿಯುವ ಅಪಾಯವಿದೆ.

ಜಮಖಂಡಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಪಿಪೆಟ್ ತೊಳೆಯುವುದು ಕೆಲಸ, ಉಳಿದ ಹೊತ್ತು ಎಲ್ಲರ ದನಿ ಅಣಕಿಸುವುದು. ಅಲ್ಲಿ ಪಾಠ ಹೇಳುವ ನಮ್ಮ ಸರ್ ಹುನ್ನೂರಿನ ಒಕ್ಕಲುತನದ ಮನೆಯವರು. ಧಾರವಾಡದ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಪ್ರಬಂಧ ಒಪ್ಪಿಸಬೇಕಾಗಿತ್ತು. ಗಡುವು ಒಮ್ಮೆ ಮುಂದೆ ಹಾಕಿಸಿಕೊಂಡಾಗಿತ್ತು, ಮತ್ತೆ ಸಿಗುವಂತಿರಲಿಲ್ಲ.

ದ್ರಾವಣದೊಳಗೆ ಏನನ್ನೂ ಅದ್ದದೆ, ಗಾಜಿನ ಪಾತ್ರೆಯ ಹೊರಗೆ ಸುತ್ತಿದ ಎರಡು ತಾಮ್ರದ ಪಟ್ಟಿಗಳಿಗೆ ರೇಡಿಯೋದಂಥ ಕಂಪನದ ವಿದ್ಯುತ್ ಕೊಟ್ಟು ಒಳಗಿನ ಆಮ್ಲ ಅಳೆಯುವುದು ಅವರ ವಿಷಯ. ಅದರ ಸುರುಳಿ ಸುತ್ತಿಕೊಟ್ಟವನು ಬನಹಟ್ಟಿಯ ರೇಡಿಯೋ ರಿಪೇರಿಯವನು. ಆಮ್ಲಕ್ಕೆ ಕ್ಷಾರ ಹನಿಹನಿ ಬಿದ್ದಂತೆ ಮೀಟರಿನ ಸೂಜಿ ಇಳಿಯಬೇಕು, ಎರಡೂ ಸರಿಸಮವಾದ ಮೇಲೆ ಏರಬೇಕು. ಹಾಗೆಂದು ಸಿದ್ಧಾಂತ. ನಮ್ಮ ಸೂಜಿ ಸುಮ್ಮನೆ ನಡುಗಿತು. ನೀರು ಕಡಿಮೆ, ಆಮ್ಲ ಹೆಚ್ಚು ಹಾಕಿ ದ್ರಾವಣ ಗಟ್ಟಿ ಮಾಡಿ ಎಂದೆ ನಾನು. ಗಟ್ಟಿ ಮಾಡಿದ ಮೇಲೆ ಚೆನ್ನಾಗಿ ಓಡಾಡಿತು. ಆದರೆ ಮೊದಲು ಏರಿ, ಆಮೇಲೆ ಇಳಿಯಿತು. ತಂತಿ ಉಲ್ಟಾ ಎಂದೆ. ನಕ್ಷೆಗಳನ್ನೆಲ್ಲ ತಲೆಕೆಳಗು ಮಾಡಿ ಬರೆದೆವು. ಸಿದ್ಧಾಂತಕ್ಕೆ ಹೊಂದಿಕೊಂಡವು. ಎರಡು ವರ್ಷ ಹಾಗೇ ಅಳೆದೆವು, ಕರೆಂಟು ಇದ್ದಾಗ.

ಒಂದು ಬಿರುಬಿಸಿಲಿನ ಮಧ್ಯಾಹ್ನ ಮೌಖಿಕ ಪರೀಕ್ಷೆಯ ತಾಲೀಮು ನಡೆಸಿದೆವು. ನಾನು ಹೆಗಲಿಗೆ ಟವೆಲ್ ಹೊದ್ದು ಧಾರವಾಡದ ಪರೀಕ್ಷಕರಾದೆ. ಮೂಗಿನಲ್ಲಿ ದನಿ ತೆಗೆದು ಕೇಳಿದೆ:

“ತಂತಿ ಉಲ್ಟಾ ಅಂತೀರಲ್ರೀ, ಬರೇ ನೀರಿಟ್ಟು ಉಪ್ಪು ಹಾಕಿ ನೋಡೀರೇನು?”

ಸರ್ ನಕ್ಕರು. ಆಮೇಲೆ ನಗು ನಿಂತಿತು. “ತಡಿ,” ಎಂದು ಎದ್ದು ಪಾತ್ರೆಗೆ ಭಟ್ಟಿ ಇಳಿಸಿದ ನೀರು ಸುರಿದು ಚಿಟಿಕೆ ಉಪ್ಪು ಹಾಕಿದರು. ಉಪ್ಪು ಬಿದ್ದ ನೀರಿನಲ್ಲಿ ವಿದ್ಯುತ್ ಹೆಚ್ಚು ಹರಿಯುತ್ತದೆ, ತಂತಿ ಉಲ್ಟಾ ಇದ್ದರೆ ಸೂಜಿ ಇಳಿಯಬೇಕಿತ್ತು; ಏರಿತು. ತಂತಿ ಸರಿಯಾಗೇ ಇತ್ತು.

“ಭೇಷ್!” ಎಂದೆ, ಇನ್ನೂ ಮೂಗಿನಲ್ಲೇ.

ಅವರು ಉಪ್ಪು ಹಾಕುತ್ತಲೇ ಹೋದರು. ಸೂಜಿ ಏರಿ, ಒಂದು ಕಡೆ ನಿಂತು, ಮತ್ತೆ ಉಪ್ಪು ಬಿದ್ದಂತೆ ಹಿಂದಕ್ಕೆ ಇಳಿಯತೊಡಗಿತು.

“ಸಿದ್ಧಾಂತ ತಪ್ಪಿಲ್ಲೋ ತಮ್ಮಾ,” ಎಂದರು. “ಅದು ತೆಳುವು ದ್ರಾವಣದ್ದು, ಸೂಜಿ ಏರೂ ಗುಡ್ಡದ ಈ ಕಡೀದು. ನಾವು ಗಟ್ಟಿ ಮಾಡ್ಕೊಂಡು ಆ ಕಡೆ ಇಳದು, ಈ ಕಡೀ ಸಿದ್ಧಾಂತಾನ ಹಚ್ಚಾಕತ್ತೀವಿ.”

ಅಂದರೆ ಎಲ್ಲವನ್ನೂ ನೀರು ಬೆರೆಸಿ ತೆಳುವು ಮಾಡಬೇಕು, ನಡುಗುವ ಸೂಜಿಯನ್ನು ಭೂತಗನ್ನಡಿ ಹಿಡಿದು ಓದಬೇಕು, ಮೊದಲಿನಿಂದ. ಗಡುವಿಗೆ ಉಳಿದದ್ದು ಬೇಸಿಗೆ ರಜೆಯಷ್ಟೇ. ನನ್ನ ಮೂಗಿನ ದನಿ ಎಲ್ಲಿ ಹೋಯಿತೋ.

“ಸರ, ಪ್ರಬಂಧ ಹಿಂಗ ಬೈಂಡಿಂಗಿಗೆ ಕೊಟ್ಟಬಿಡ್ರಿ. ನಕ್ಷೆ ಛಲೋ ಕಾಣಾಕತ್ತಾವು. ಇದನ್ನ ಧಾರವಾಡದಾಗ ಯಾರೂ ಕೇಳಂಗಿಲ್ರಿ.”

ಅವರು ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿದರು. ಹೊರಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳು ಏದುಸಿರು ಬಿಡುತ್ತ ಹೋಗುತ್ತಿದ್ದವು. ನಿದ್ದೆಹೋದರೇನೋ ಎಂದುಕೊಂಡೆ, ಹಾಗೇ ಆಗಲಿ ಎಂದೂ ಅಂದುಕೊಂಡೆ. ಕಣ್ಣು ತೆರೆಯದೆಯೇ ಅಂದರು:

“ಯಾರೂ ಕೇಳಂಗಿಲ್ಲಂತ ಹೆಂಗ ಅಂತೀಲೇ? ನೀ ಕೇಳಿದೆಲ್ಲೋ. ಏಳು, ನೀರು ತಗೊಂಡ ಬಾ.”