ಸರ್ವರ್ ಕೂಗಿದ ದಿನ

ಕಾಫಿ ಗೋದಾಮಿನಿಂದ ಬಂದ ಹಳೆಯ ಕಂಪ್ಯೂಟರೊಂದನ್ನು ಗುಜರಿಗೆ ಹಾಕುವ ಮೊದಲು ಬಿಚ್ಚಿದೆ. ಫ್ಯಾನಿನಿಂದ ಕಾಫಿ ಸಿಪ್ಪೆಯ ಧೂಳು ಉದುರಿತು. ಆ ಒಣ ವಾಸನೆಗೆ, ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್, ಅಲ್ಲಿನ ಕಂಪ್ಯೂಟರ್ ಕೋಣೆ, ನಮ್ಮ ಸಾರ್… ಎಲ್ಲ ನೆನಪಾಯಿತು.

ಕುದುರೆಮುಖದಲ್ಲಿ ಗಣಿ ನಿಂತ ಮೇಲೆ ನಮ್ಮಲ್ಲಿಗೆ ಬಂದವರು ಅವರು. ಐವತ್ತು ದಾಟಿದ ಮೇಲೆ ಹೊಸ ಕೆಲಸ. ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಸೇರಿದ್ದೆ.

ಆ ವರ್ಷ ಕಾಫಿ ಬರುವ ಹೊತ್ತಿಗೇ ಸರ್ವರ್ ನಿಧಾನವಾಯಿತು. ಯಾವುದೋ ಬೇಡದ ಪ್ರೋಗ್ರಾಂ ಆಗಾಗ ಎದ್ದು ಅದನ್ನು ಕಟ್ಟಿಹಾಕುತ್ತಿತ್ತು. ತೂಕದ ಚೀಟಿ ಬಾರದೆ ಲಾರಿಗಳು ರಸ್ತೆಯವರೆಗೆ ನಿಂತವು. ಮ್ಯಾನೇಜರ್ ಕ್ಯಾಂಟೀನಿನಲ್ಲಿ ಎಲ್ಲರೆದುರು ನನ್ನತ್ತ ಕೈ ತೋರಿಸಿದರು: "ಇವ್ಳು ಹಾಡು ಡೌನ್‌ಲೋಡ್ ಮಾಡಿದ್ದೇ ಇದಕ್ಕೆಲ್ಲ ಕಾರಣ. ನಾಳೆಯಿಂದ ಬರೋದು ಬೇಡ."

ಸಾರ್ ಎದ್ದು ನಿಂತರು. "ಈ ವಾರ ಇರ್ಲಿ ಸಾರ್. ನೋಡಿ ಹೇಳ್ತೇನೆ."

ಕೋಣೆಗೆ ಬಂದವರೇ, "ಅಳ್ಬೇಡ ಮಾರಾಯ್ತಿ. ಅದು ಎದ್ದ ಕೂಡ್ಲೇ ನಮ್ಗೆ ಗೊತ್ತಾಗ್ಬೇಕು, ಅಷ್ಟೇ" ಎಂದು ಕುಳಿತರು. ಸರ್ವರಿನಲ್ಲಿ ಓಡಬೇಕಾದ ಪ್ರೋಗ್ರಾಂಗಳ ಹೆಸರು ಕೊಟ್ಟು, ಬೇರೇನು ಶುರುವಾದರೂ ತಮ್ಮ ಕಂಪ್ಯೂಟರ್ ಬೀಪ್ ಎನ್ನುವಂತೆ, ಯಾರ ಲಾಗಿನ್‌ನಿಂದ ಎಂದು ತೋರಿಸುವಂತೆ ಮಾಡಿದರು. ಮೊದಲು ಅದು ಪ್ರಿಂಟರಿಗೂ ಕೂಗಿತು, ಆಂಟಿವೈರಸ್‌ಗೂ ಕೂಗಿತು. ಅಕೌಂಟ್ಸ್‌ನವರು ನಕ್ಕರು. ಸಾರ್ ಬೇಸರಿಸದೆ ಒಂದೊಂದನ್ನೇ ಸರಿಪಡಿಸಿದರು.

ಮತ್ತೊಮ್ಮೆ ಕೂಗಿದಾಗ ನಾನು ಲಾರಿ ತೂಗುವ ವೇಬ್ರಿಡ್ಜ್ ಬಳಿ ಮ್ಯಾನೇಜರ್ ಪಕ್ಕದಲ್ಲೇ ಇದ್ದೆ. ಸಾರ್ ನಮ್ಮಿಬ್ಬರನ್ನೂ ಕರೆದು ಸ್ಕ್ರೀನ್ ತೋರಿಸಿದರು. ಎಂದೋ ಕೆಲಸ ಬಿಟ್ಟವರೊಬ್ಬರ ಲಾಗಿನ್ ಯಾರೂ ಮುಚ್ಚಿರಲಿಲ್ಲ; ಅದರ ಮೂಲಕ ಹೊರಗಿನವರು ಯಾರೋ ಒಳನುಗ್ಗುತ್ತಿದ್ದರು. ಮುಚ್ಚಿದ್ದೇ ತಡ, ಲಾರಿಗಳು ಸರಿಯತೊಡಗಿದವು.

"ಆಯ್ತಲ್ಲ, ಕೆಲ್ಸ ಮಾಡ್ಲಿ ಬಿಡಿ" ಅಂದರು ಮ್ಯಾನೇಜರ್.

"ಎಲ್ರ ಎದುರಿಗೆ ಬೈದಿದ್ರಿ ಸಾರ್. ಅಲ್ಲೇ ಹೇಳ್ಬೇಕು" ಅಂದರು ನಮ್ಮ ಸಾರ್.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮ್ಯಾನೇಜರ್ ತಪ್ಪಾಯಿತೆಂದರು. ಸಾರ್ ತಲೆ ಎತ್ತದೆ ಊಟ ಮಾಡುತ್ತಿದ್ದರು… ನಾನು ಇಂದಿಗೂ ಇದೇ ಕೆಲಸದಲ್ಲಿ ಇರುವುದು ಸಾರ್ ಆಡಿದ ಆ ಒಂದು ಮಾತಿನಿಂದ.

ಕಳೆದ ಭಾನುವಾರ ಕುದುರೆಮುಖದ ಹತ್ತಿರ ಸಂಸೆಯಲ್ಲಿರುವ ಅವರ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಸಾರ್ ತೀರಿಕೊಂಡು ವರ್ಷವಾಯಿತಂತೆ. ಏನು ಹೇಳಬೇಕೋ ತಿಳಿಯದೆ, ಈ ಕತೆ ಹೇಳಿದೆ.

"ಮನೇಲಿ ಒಂದು ದಿನಾನೂ ಹೇಳ್ಲಿಲ್ಲ ಅವ್ರು" ಅಂದರು. "ಇನ್ನೊಂದ್ಸಲ ಹೇಳಮ್ಮ."

ಮೊದಲಿನಿಂದ ಹೇಳತೊಡಗಿದೆ.